ವರ್ಷಪೂರ್ತಿ ಮನೆಯಲ್ಲಿದ್ದವರು

ನಮ್ಮ ಮನೆ ಮಳೆಗೆ ಬೀಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಚಿತ್ರದುರ್ಗದಲ್ಲಿ ನಾನು ಯಾರ ಮುಂದೆ ಈ ಮಾತು ತೆಗೆದರೂ ‘ಹೌದೌದು, ಆ ವರ್ಷ ಮಳೆ ಜೋರಿತ್ತು’ ಎಂದು ಅವರೇ ಕಥೆ ಮುಗಿಸಿಬಿಡುತ್ತಾರೆ. ಮಳೆ ನಿಂತು, ಬಿಸಿಲು ಬಂದು, ಅವ್ವ ಅಂಗಳದಲ್ಲಿ ರಾಗಿ ಒಣಗಲು ಹಾಕಿದ ದಿನ ನಮ್ಮ ಹಳ್ಳಿಗೆ ನೀರು ಬಂತು. ಮೇಲಿನಿಂದಲ್ಲ, ಕೆಳಗಿನಿಂದ. ಮಾರಿಕಣಿವೆ ಡ್ಯಾಮು ಅಪ್ಪ ಹುಟ್ಟಿದ ಮೇಲೆ ಯಾವತ್ತೂ ತುಂಬದಷ್ಟು ತುಂಬಿ, ಅದರ ಹಿನ್ನೀರು ಹೊಸದುರ್ಗದ ಕಡೆಗೆ ಹಿಂಹಿಂದಕ್ಕೆ ಹರಡಿಕೊಂಡು, ಮೊದಲು ತಗ್ಗಿನ ಹೊಲ, ಆಮೇಲೆ ಊರಿನ ಮಸಣ, ಆಮೇಲೆ ನಮ್ಮ ಹಿತ್ತಲು ಹೊಕ್ಕಿತು. ಮಣ್ಣಿನ ಗೋಡೆ ಬುಡದಿಂದ ನೀರು ಕುಡಿಯುತ್ತಾ ಎರಡು ದಿನ ನಿಂತಿತ್ತು. ಮೂರನೆಯ ದಿನ ಮಧ್ಯಾಹ್ನ, ನಾವು ನೋಡುತ್ತಿದ್ದಂತೆಯೇ ಕುಸಿದು ಕೂತಿತು.

ಅದೇ ವಾರ ಡ್ಯಾಮಿನ ಆ ಕಡೆ ಹಿರಿಯೂರಿನವರು ಕೋಡಿ ಬಿದ್ದ ನೀರು ನೋಡಲು ಟ್ರ್ಯಾಕ್ಟರು, ಬೈಕು ಹತ್ತಿ ಬಂದಿದ್ದರು. ಆ ವಿಡಿಯೋಗಳು ನನ್ನ ಫೋನಿಗೂ ಬಂದವು. ಅವರ ಖುಷಿ ತಪ್ಪಲ್ಲ, ಬೋರು ಬತ್ತಿದವರಿಗೇ ಅದರ ಬೆಲೆ ಗೊತ್ತು. ಆದರೆ ಶಾಲೆಯ ಒಂದು ಕೋಣೆಯಲ್ಲಿ ಏಳು ಸಂಸಾರಗಳ ಪಾತ್ರೆಪಗಡಗಳ ನಡುವೆ ಕೂತು ಅವರು ಕುಣಿಯುವುದನ್ನು ನೋಡುವಾಗ ನನಗೆ ಹೊಟ್ಟೆ ಉರಿಯಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಶಾಲೆಯ ಬಾಗಿಲಿಗೆ ಯಾರೋ ‘ನಿರಾಶ್ರಿತರ ಕೇಂದ್ರ’ ಎಂದು ಬರೆದ ಹಾಳೆ ಅಂಟಿಸಿದ್ದರು. ಆ ಪದವನ್ನು ನಾನು ಪೇಪರಿನಲ್ಲಿ ಬೇರೆ ದೇಶದವರ ಬಗ್ಗೆ ಓದಿದ್ದೆ. ಮನೆಯಿಂದ ಕೂಗಳತೆ ದೂರದಲ್ಲಿ, ನಾನು ಅಕ್ಷರ ಕಲಿತ ಕೋಣೆಯಲ್ಲಿ, ಅದು ನನಗೇ ಬಂದು ಅಂಟಿಕೊಂಡಿತು.

ನಾವು ಮೂರೇ ಜನ: ಅಪ್ಪ, ಅವ್ವ, ಪಿಯುಸಿ ಮುಗಿಸಿ ಮುಂದೇನು ಎಂದು ಗೊತ್ತಾಗದೆ ಕೂತಿದ್ದ ನಾನು. ಅಪ್ಪ ಕುರಿ ಕಾಯುವವನು, ಅವನ ಅಪ್ಪನೂ ಅಷ್ಟೇ, ಅದರ ಹಿಂದಿನವರೂ ಅಷ್ಟೇ. ದೀಪಾವಳಿ ಕಳೆದ ಮೇಲೆ ಅಪ್ಪ, ಅವ್ವ ಮನೆಗೆ ಬೀಗ ಹಾಕಿ ಮಂದೆಯ ಜೊತೆ ಹೊರಡುತ್ತಿದ್ದರು. ಹೊಳಲ್ಕೆರೆ ದಾಟಿ ಬಿ.ದುರ್ಗದ ಕಡೆ, ಅಲ್ಲಿಂದ ಮುಂದೆ ಭದ್ರಾ ಕಾಲುವೆಯ ಗದ್ದೆ ಬಯಲಿಗೆ. ಮುಂಗಾರು ಹಿಡಿದ ಮೇಲೆ ವಾಪಸ್ಸು. ಆ ತಿಂಗಳುಗಳಲ್ಲಿ ನಾನು ಹಾಸ್ಟೆಲಿನಲ್ಲಿ ಇರುತ್ತಿದ್ದೆ. ವರ್ಷಕ್ಕೆ ಅರ್ಧ ಭಾಗ ನಮ್ಮ ಮನೆಯಲ್ಲಿ ಇಲಿಗಳು ಇರುತ್ತಿದ್ದವು ಎಂದು ಅವ್ವ ತಮಾಷೆ ಮಾಡುತ್ತಿದ್ದಳು. ಹಾಗಂತ ಅದು ಮನೆಯಲ್ಲ ಎಂದು ನಮಗೆ ಯಾವತ್ತೂ ಅನಿಸಿರಲಿಲ್ಲ. ನಡೆದು ನಡೆದು ವಾಪಸ್ಸು ಬರುವುದಕ್ಕೆ ಒಂದು ಬಾಗಿಲು ಬೇಕಲ್ಲ, ಅದೇ ಮನೆ.

ಮನೆ ಮುಳುಗಿದವರಿಗೆ ಎತ್ತರದ ಜಾಗದಲ್ಲಿ ಸೈಟು ಕೊಡುತ್ತಾರಂತೆ ಎಂಬ ಸುದ್ದಿ ಶಾಲೆಯ ಕೋಣೆಯಲ್ಲಿ ಓಡಾಡತೊಡಗಿತು. ಅದಕ್ಕೆ ಮೊದಲು ಸರ್ವೆಗೆ ಬರುತ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಪಟ್ಟಿಗೆ ಹೆಸರು ಬರಬೇಕು. ನಮಗೆ ಹೊಲ ಅಂತ ಇರಲಿಲ್ಲ. ಆ ಸೈಟು ಸಿಕ್ಕರೆ ಊರಿನವರಾಗಿ ಉಳಿಯುತ್ತೇವೆ, ಇಲ್ಲದಿದ್ದರೆ ಇಲ್ಲ. ಇಷ್ಟು ಲೆಕ್ಕ ನನಗೂ ಬರುತ್ತಿತ್ತು.

ಸರ್ವೆಯ ಸಾಹೇಬರು ಬಂದ ದಿನ ಅಪ್ಪ ಊರ ಹಿಂದಿನ ದಿಣ್ಣೆಯಲ್ಲಿ ಮಂದೆಯ ಹತ್ತಿರ ಇದ್ದ. ಕೆಸರಿನಲ್ಲಿ ನಿಂತೂ ನಿಂತೂ ಕುರಿಗಳ ಗೊರಸು ಕೊಳೆಯಲು ಶುರುವಾಗಿತ್ತು, ಅಪ್ಪ ಒಂದೊಂದರ ಕಾಲು ಎತ್ತಿ ತೊಳೆಯುತ್ತಿದ್ದ. ನಾನೇ ಸಾಹೇಬರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಕೂರಲು ಏನೂ ಇರಲಿಲ್ಲ, ಎಲ್ಲಾ ಕಡೆ ಒದ್ದೆ. ಅಪ್ಪ ಹೆಗಲಿನ ಕರಿಕಂಬಳಿ ತೆಗೆದು ಬಂಡೆಯ ಮೇಲೆ ಹಾಸಿ, ಕುಂತ್ಕಳ್ರಿ ಸ್ವಾಮಿ ಅಂದ. ಅವರು ಒಳ್ಳೆಯ ಮನುಷ್ಯರು, ತಾವೊಬ್ಬರೇ ಕೂರಲು ಸಂಕೋಚಪಟ್ಟು ಅಪ್ಪನನ್ನೂ ಪಕ್ಕಕ್ಕೆ ಕರೆದರು. ಅಪ್ಪ ಕಂಬಳಿಯ ಅಂಚಿಗೆ ಕೂತ. ಅಲ್ಲಿಗೆ ನಮ್ಮ ಹಣೆಬರಹ ಮುಗಿಯಿತು.

ನಮ್ಮಲ್ಲಿ ಜಗಳದ ತೀರ್ಮಾನಕ್ಕೆ, ಮದುವೆಯ ಮಾತಿಗೆ, ದೇವರ ಕೆಲಸಕ್ಕೆ ಕಂಬಳಿ ಹಾಸಿಯೇ ಕೂರುವುದು. ಹಾಸಿದ ಕಂಬಳಿಯ ಮೇಲೆ ಕೂತು ಸುಳ್ಳಾಡಿದವನ ಮಂದೆ ಉಳಿಯುವುದಿಲ್ಲ ಎನ್ನುತ್ತಾರೆ. ಅಣ್ಣತಮ್ಮಂದಿರು ಮಾತು ಬಿಟ್ಟವರೂ ಕಂಬಳಿಯ ಮೇಲೆ ಕೂತಾಗ ಇದ್ದದ್ದನ್ನು ಇದ್ದ ಹಾಗೆ ಹೇಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸಾಹೇಬರಿಗೆ ಇದೆಲ್ಲ ಎಲ್ಲಿ ಗೊತ್ತು. ಅವರಿಗೆ ಅದು ಕೂರುವುದಕ್ಕೆ ಒಂದು ಬಟ್ಟೆ.

ವರ್ಷಪೂರ್ತಿ ಈ ಮನೆಯಲ್ಲೇ ಇರುತ್ತೀರಾ ಎಂದು ಕೇಳಿದರು. ಅಪ್ಪ ಇಲ್ಲ ಅಂದ. ದೀಪಾವಳಿ ಆದ ಮೇಲೆ ಹೋದರೆ ಮುಂಗಾರಿಗೇ ಬರುವುದು ಅಂದ. ಸಾಹೇಬರು ಪೆನ್ನು ಎತ್ತಿ ಹಿಡಿದು, ಆಗ ಮನೆಯಲ್ಲಿ ಬೇರೆ ಯಾರಾದರೂ ಇರುತ್ತಾರಲ್ಲವೇ ಎಂದು ಇನ್ನೊಮ್ಮೆ ಕೇಳಿದರು. ಆ ಪ್ರಶ್ನೆಯಲ್ಲೇ ಉತ್ತರ ಇತ್ತು, ಹೂಂ ಅಂದಿದ್ದರೆ ಸಾಕಿತ್ತು.

"ಯಾರೂ ಇರಲ್ಲ ಸ್ವಾಮಿ. ಬೀಗ ಹಾಕಿರ್ತೀವಿ," ಅಂದ ಅಪ್ಪ.

ಸಾಹೇಬರು ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಬಾಯಿ ತೆರೆದು ಏನಾದರೂ ಹೇಳಬಹುದಿತ್ತು, ಹೇಳಲಿಲ್ಲ. ಓದಿದವಳು ಅಂತ ಬೀಗುತ್ತಿದ್ದ ನಾನೂ ಆ ಕಂಬಳಿಗೆ ಹೆದರಿದೆ, ಅದೇ ನಿಜ. ಅವರು ‘ಕಾಯಂ ವಾಸವಿಲ್ಲ’ ಎಂದು ಬರೆದುಕೊಂಡು, ಕಂಬಳಿಗೆ ಅಂಟಿದ ಹುಲ್ಲನ್ನು ಕೊಡವಿ ಅಪ್ಪನ ಕೈಗೆ ಕೊಟ್ಟು ಹೋದರು. ಒಂದು ಪ್ಲಾಸ್ಟಿಕ್ ಕುರ್ಚಿ ಇದ್ದಿದ್ದರೆ ನಮ್ಮ ಬದುಕೇ ಬೇರೆ ಆಗುತ್ತಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ.

ಪಟ್ಟಿ ಬಂದಾಗ ಅದರಲ್ಲಿ ಮೇವು ತುಂಬುವ ಕೊಟ್ಟಿಗೆಯನ್ನು ಮನೆ ಎಂದು ಹೇಳಿದವರ ಹೆಸರು ಇತ್ತು, ನಮ್ಮದು ಇರಲಿಲ್ಲ. ನಾನು ಅಪ್ಪನ ಮೇಲೆ ಹರಿಹಾಯ್ದೆ. ಊರಿಗೆಲ್ಲ ಒಂದು ಮಾತಾದರೆ ನಿನಗೊಂದು ಮಾತು, ನಿನ್ನ ಸತ್ಯವನ್ನು ಅರೆದು ಕುಡಿಯೋಣ, ಅನ್ನ ಬೇಡ ಅಂದೆ. ಅವ್ವ, ಇದ್ದದ್ದು ಹೇಳಿದ್ದಾನೆ, ಕದ್ದದ್ದು ಹೇಳಿಲ್ಲವಲ್ಲ ಎಂದು ನನ್ನನ್ನೇ ಗದರಿಸಿದಳು. ನಾನು ಕೂತು ಒಂದು ಅರ್ಜಿ ಬರೆದೆ. ನಾವು ಹನ್ನೆರಡು ತಿಂಗಳೂ ಆ ಮನೆಯಲ್ಲೇ ವಾಸವಿದ್ದೆವು, ಸರ್ವೆಯ ದಿನ ನಮ್ಮ ತಂದೆಯವರು ಗಾಬರಿಯಲ್ಲಿ ತಪ್ಪು ಹೇಳಿದ್ದಾರೆ, ಮತ್ತೊಮ್ಮೆ ವಿಚಾರಿಸಬೇಕು ಎಂದು. ಅಪ್ಪ ಓದಿಸಿಕೊಳ್ಳದೆ ಸಹಿ ಹಾಕಿದ. ಮಗಳು ಬರೆದಿದ್ದಾಳೆ ಎನ್ನುವುದಷ್ಟೇ ಅವನಿಗೆ ಬೇಕಾಗಿದ್ದದ್ದು.

ಶಾಲೆ ಮತ್ತೆ ಶುರುವಾಗಬೇಕಿತ್ತು, ಕೋಣೆ ಬಿಡಿ ಅಂದರು. ಕಾಲುಬೇನೆಯಲ್ಲಿ ಹತ್ತಾರು ಕುರಿ ಸತ್ತಿದ್ದವು, ಕೆಲವನ್ನು ಅಪ್ಪ ಹೊಸದುರ್ಗದ ಸಂತೆಯಲ್ಲಿ ಸಿಕ್ಕಿದ ಬೆಲೆಗೆ ಕೊಟ್ಟ. ಉಳಿದವನ್ನು ಹೊಡೆದುಕೊಂಡು ಹಳೆಯ ದಾರಿ ಹಿಡಿದೆವು. ಹಾಲುರಾಮೇಶ್ವರದಲ್ಲಿ ನೀರು ಕುಡಿಸಿ, ಅಲ್ಲಿಂದ ಹೊರಕೆರೆದೇವಪುರದ ಕಡೆಗೆ. ದೀಪಾವಳಿಗೆ ಮೊದಲೇ, ಗಂಟುಮೂಟೆಯ ಜೊತೆ ನನ್ನನ್ನೂ ಕಟ್ಟಿಕೊಂಡು ಹೊರಟದ್ದನ್ನು ನೋಡಿದ ದಾರಿಯವರು ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ನನಗೆ ಹೆಚ್ಚು ಅವಮಾನವಾಯಿತು.

ಆ ದಾರಿ ಅಪ್ಪನಿಗೆ ಅಂಗೈಗೆರೆ. ಯಾವ ಹೊಲದಲ್ಲಿ ಎಷ್ಟು ದಿನ ಮಂದೆ ಕೂಡಬೇಕು, ಯಾವ ಹೊಲದವರು ಗೊಬ್ಬರಕ್ಕೆ ಬದಲು ರಾಗಿ ಕೊಡುತ್ತಾರೆ, ಯಾರು ಬರೀ ಮಜ್ಜಿಗೆಯಲ್ಲಿ ಸಾಗಹಾಕುತ್ತಾರೆ, ಎಲ್ಲವೂ ಅವನಿಗೆ ಬಾಯಿಪಾಠ. ಆದರೆ ಆ ಸಲ ಹೋದಲ್ಲೆಲ್ಲ ತಂತಿಬೇಲಿ. ಹೊಲ ಇದ್ದಲ್ಲಿ ಎಳೆಯ ತೋಟ, ಕೊಳವೆ ಪೈಪು, ಗೇಟು. ಹೊರಕೆರೆದೇವಪುರದ ಹತ್ತಿರ ಒಬ್ಬರು ಹಳೆಯ ರೈತರು ಮಾತ್ರ ತಮ್ಮ ಖಾಲಿ ಹೊಲದಲ್ಲಿ ಎರಡು ದಿನ ನಿಲ್ಲಿಸಿಕೊಂಡರು. ಊಟಕ್ಕೆ ಇಟ್ಟು, ಮುಂದಿನ ವರ್ಷ ಇಲ್ಲೂ ತೋಟ ಮಾಡುತ್ತಾನಂತೆ ಮಗ, ಬೇಜಾರು ಮಾಡ್ಕೋಬೇಡ್ರಿ ಅಂದರು. ಬಿ.ದುರ್ಗದ ಕಡೆಯೂ ಹೀಗೇ ಆಗಿದೆ, ಸುಮ್ಮನೆ ಕಾಲು ಸವೆಸಬೇಡಿ, ಚಿತ್ರದುರ್ಗಕ್ಕೆ ಹೋಗಿ, ಮೂರು ಜನಕ್ಕೆ ಕೆಲಸ ಸಿಗದೇ ಇರುತ್ತದೆಯೇ ಎಂದೂ ಹೇಳಿದರು. ಅಪ್ಪ ಅಲ್ಲಿಂದ ದಾರಿ ಬದಲಿಸಿ ಮೂರು ದಿನ ನಡೆದ. ಚಿತ್ರದುರ್ಗದ ಬೆಟ್ಟ ಕಣ್ಣಿಗೆ ಬಿದ್ದ ಕಡೆ, ರಸ್ತೆ ಬದಿಯಲ್ಲಿ ಸಿಕ್ಕ ವ್ಯಾಪಾರಿಗೆ ಇದ್ದಬದ್ದ ಕುರಿಗಳನ್ನೆಲ್ಲ ಒಪ್ಪಿಸಿದ. ಬಸ್ಸಿಗೆ ಹತ್ತಿ ಊರೊಳಗೆ ಬಂದೆವು.

ಬೆಟ್ಟದ ಬುಡದ ಓಣಿಯಲ್ಲಿ ಒಂದು ಕೋಣೆ ಸಿಕ್ಕಿತು. ಅವ್ವ ವಾರದೊಳಗೆ ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುವ ಹೆಂಗಸರ ಜೊತೆ ಸೇರಿಕೊಂಡಳು. ನನಗೆ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸವಾಯಿತು. ಅಪ್ಪನಿಗೇ ಕಷ್ಟ. ಬೆಳಗ್ಗೆ ಕೂಲಿಯವರು ನಿಲ್ಲುವ ಸರ್ಕಲ್ಲಿಗೆ ಹೋಗಿ ನಿಲ್ಲುತ್ತಿದ್ದ. ಮೇಸ್ತ್ರಿಗಳು ಬೈಕಿನಲ್ಲೇ ಕೂತು, ಗಾರೆ ಬರುತ್ತಾ, ಸೆಂಟ್ರಿಂಗ್ ಬರುತ್ತಾ ಎಂದು ಕೇಳುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದವನನ್ನು ನೋಡಿ ಒಬ್ಬ ಏನೋ ಬೇಡಲು ಬಂದವನೆಂದು ಚಿಲ್ಲರೆ ಕೊಡಲು ಹೋದನಂತೆ. ಆವತ್ತು ಅಪ್ಪ ಕೋಲನ್ನು ಕೋಣೆಯ ಮೂಲೆಯಲ್ಲಿ ಒರಗಿಸಿಟ್ಟ. ಎರಡು ದಿನ ಕಾಂಕ್ರೀಟು ಹೊತ್ತ, ಮೂರನೆಯ ದಿನ ನಿಧಾನ ಆಯ್ತು ಯಜಮಾನ ಎಂದು ಕಳಿಸಿಬಿಟ್ಟರು.

ಆಮೇಲೆ ಊರ ಹೊರಗಿನ ಹೊಸ ಲೇಔಟ್ ಒಂದಕ್ಕೆ ಕಾವಲುಗಾರನಾದ. ಬರೀ ಖಾಲಿ ಸೈಟುಗಳು, ಕಲ್ಲು ನೆಟ್ಟ ರಸ್ತೆ, ಅಂಚಿಗೆ ಸಾಲು ಗಿಡ. ಕೂತು ನೋಡಿಕೊಳ್ಳುವ ಕೆಲಸ, ಇದಾದರೂ ನಿಲ್ಲುತ್ತದೆ ಎಂದು ನಾವು ನೆಮ್ಮದಿಯಾಗಿದ್ದೆವು. ಒಂದು ದಿನ ಚಳ್ಳಕೆರೆ ಕಡೆಯ ಮಂದೆಯೊಂದು ಆ ರಸ್ತೆಯಲ್ಲಿ ಬಂತು. ಅಪ್ಪ ಗೇಟು ತೆಗೆದು, ಬರ್ರಿ ಎಂದು ಕರೆದು, ಇಡೀ ಮಂದೆಯನ್ನು ಒಳಗೆ ಬಿಟ್ಟುಕೊಂಡ. ಇಷ್ಟು ನೆಲ ಬೀಳು ಬಿದ್ದಿದೆ, ಎರಡು ದಿನ ಮಂದೆ ನಿಂತರೆ ಎಷ್ಟು ಗೊಬ್ಬರ, ಓನರಿಗೆ ಉಪಕಾರವಾಗಲಿ ಎಂಬುದು ಅವನ ಲೆಕ್ಕ. ಓನರು ಸೈಟು ನೋಡುವವರನ್ನು ಕಾರಿನಲ್ಲಿ ಕರೆತಂದಾಗ ರಸ್ತೆ ತುಂಬ ಹಿಕ್ಕೆ, ಸಾಲು ಗಿಡಗಳು ಬರೀ ಕಡ್ಡಿ. ಅಪ್ಪನನ್ನು ಅಲ್ಲೇ ಕೆಲಸದಿಂದ ಬಿಡಿಸಿದರು. ಅಪ್ಪ ಮನೆಗೆ ಬಂದು, ಗೊಬ್ಬರ ಕೊಟ್ಟರೆ ಬೈಯುವವರನ್ನು ಇದೇ ಮೊದಲು ನೋಡಿದ್ದು ಎಂದು ಅವ್ವನ ಹತ್ತಿರ ಹೇಳಿದ. ಅವ್ವ ಬಿದ್ದು ಬಿದ್ದು ನಕ್ಕಳು. ಆ ಊರಿಗೆ ಬಂದ ಮೇಲೆ ಅವಳು ನಕ್ಕದ್ದು ಅದೊಂದೇ ಸಲ.

ಮುಂದಿನ ತಿಂಗಳು ಕೆಲಸ ತಾನಾಗಿ ಬಂತು. ಮಟನ್ ಅಂಗಡಿಯ ಮುಂದೆ ಟೆಂಪೋ ನಿಂತಿತ್ತು. ಅದರಿಂದ ಕುರಿಗಳನ್ನು ಇಳಿಸಲು ಇಬ್ಬರು ಆಳುಗಳು ಒದ್ದಾಡುತ್ತಿದ್ದರು. ಕಾಲು ಹಿಡಿದು ಎಳೆಯುವುದು, ಕುರಿ ಒಂದರ ಮೇಲೊಂದು ಬೀಳುವುದು. ಅಪ್ಪ ದಾರಿಯಲ್ಲಿ ಹೋಗುತ್ತಿದ್ದವನು ನಿಂತು, ನಾಲಿಗೆಯಲ್ಲಿ ಸದ್ದು ಮಾಡಿ, ‘ಬರ್ರವ್ವಾ ಬರ್ರಿ, ಮನಿಗೆ ಹೋಗಾಣ’ ಎಂದು ಕೂಗಿದನಂತೆ. ಮಂದೆಯನ್ನು ಸಂಜೆ ಕೂಗುವ ಕೂಗು ಅದು. ಕುರಿಗಳು ಒಂದರ ಹಿಂದೊಂದು ಇಳಿದು ಅವನ ಸುತ್ತ ನಿಂತವು. ಅಂಗಡಿಯ ಮಾಲೀಕರು ಹೊರಗೆ ಬಂದು ನೋಡಿ, ನಾಳೆಯಿಂದ ಬರ್ರಿ ಅಂದರು. ಸಂಬಳ ಕೂಲಿಗಿಂತ ಹೆಚ್ಚು, ತಿಂಗಳು ತಿಂಗಳು ಸರಿಯಾಗಿ. ನನಗೆ ಎಷ್ಟು ಸಂತೋಷವಾಯಿತು ಎಂದರೆ ಆ ದಿನ ಅರ್ಧ ಕೇಜಿ ಜಿಲೇಬಿ ತಂದೆ. ಕೊನೆಗೂ ಊರು ಅಪ್ಪನ ವಿದ್ಯೆಯನ್ನು ಕೇಳಿತು ಅಂತ ನನ್ನ ಹೆಮ್ಮೆ.

ಕೆಲಸಕ್ಕೆ ಹೊರಟ ಮೊದಲ ದಿನವೇ ಅಪ್ಪ ಕಂಬಳಿಯನ್ನು ಮಡಿಸಿ ಅವ್ವನ ಟ್ರಂಕಿಗೆ ಹಾಕಿದ. ವಾಸನೆ ಹಿಡಿಯುತ್ತದೆ ಅಂದ. ನಾನು ಹೆಚ್ಚು ಯೋಚಿಸಲಿಲ್ಲ.

ಒಂದು ಭಾನುವಾರ ಬೆಳಗ್ಗೆ, ಅಪ್ಪ ಬುತ್ತಿ ಮರೆತು ಹೋಗಿದ್ದ ಎಂದು ನಾನೇ ತೆಗೆದುಕೊಂಡು ಹೋದೆ. ಅಂಗಡಿಯ ಹಿಂದೆ ಒಂದು ಶೆಡ್ಡು, ಶೆಡ್ಡಿನಿಂದ ಕುಯ್ಯುವ ಕೋಣೆಗೆ ಇಬ್ಬರು ಅಕ್ಕಪಕ್ಕ ಹೋಗಲಾಗದಷ್ಟು ಸಣ್ಣ ಓಣಿ. ಆ ಓಣಿಯ ತುದಿಯಲ್ಲಿ ಅಪ್ಪ ನಿಂತಿದ್ದ. ಕೈಯಲ್ಲಿ ಒಂದು ಹಿಡಿ ಸೊಪ್ಪು. ಅದೇ ಸದ್ದು, ಅದೇ ಮಾತು, ಅದೇ ದನಿ. ಶೆಡ್ಡಿನಿಂದ ಕುರಿಗಳು ತಲೆ ಎತ್ತಿ ಅವನತ್ತ ನಡೆದವು. ಅವನು ಹಿಂದೆ ತಿರುಗಿ ಕೋಣೆಯ ಕಡೆ ಹೆಜ್ಜೆ ಹಾಕಿದ, ಅವು ಹಿಂದೆಯೇ ಹೋದವು. ಒಂದೂ ಅರಚಲಿಲ್ಲ.

ನಾವು ಸಸ್ಯಾಹಾರಿಗಳಲ್ಲ. ದೇವರ ಕಾರ್ಯಕ್ಕೆ ನಮ್ಮ ಮಂದೆಯದೇ ಮರಿ ಕುಯ್ದು ಊಟ ಮಾಡಿದ್ದೇವೆ, ನಾನು ಬೆರಳು ನೆಕ್ಕಿದ್ದೇನೆ. ಆದರೆ ಕುಯ್ಯುವ ಮರಿಯನ್ನು ಅಪ್ಪ ಯಾವತ್ತೂ ಕೂಗಿ ಕರೆದವನಲ್ಲ. ಹಗ್ಗ ಹಾಕಿ ಎಳೆದುಕೊಂಡೇ ಹೋಗಬೇಕು, ಅದು ಕೊಸರಬೇಕು, ನಾವು ಎಳೆಯಬೇಕು. ಎಳೆಯುವುದರಲ್ಲಿ ಮೋಸವಿಲ್ಲ. ಕೂಗು ಇರುವುದು ನೀರಿಗೆ, ಮೇವಿಗೆ, ಮನೆಗೆ. ಇದನ್ನು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವನೇ ಅವನು.

ಕೈ ತೊಳೆದುಕೊಂಡು ಬಂದು ಬುತ್ತಿ ಬಿಚ್ಚಿದವನನ್ನು, ಹಿಂಗ್ಯಾಕೆ ಮಾಡ್ತೀಯಪ್ಪಾ ಎಂದು ಕೇಳಿದೆ. ಅವನು ಮುದ್ದೆ ಮುರಿಯುತ್ತಾ ನನ್ನ ಕಡೆ ನೋಡಲಿಲ್ಲ.

"ಎಳೆದ್ರೆ ಕಾಲು ಮುರೀತಾವೆ, ಹೆದರಿಕೊಂಡ್ರೆ ಮಾಂಸ ಕೆಡ್ತತೆ ಅಂತಾರೆ. ಕರೆದ್ರೆ ಬರ್ತಾವೆ," ಅಂದ. "ಅದಕ್ಕೇ ಕಣವ್ವ ಸಂಬಳ."

ಬಿಟ್ಟುಬಿಡು ಎಂದು ನಾನು ಹೇಳಲಿಲ್ಲ. ಅವ್ವನ ಕೈ ಸೋಪಿನ ನೀರಿನಲ್ಲಿ ಬಿರುಕು ಬಿಟ್ಟು ಆ ವಾರ ಅವಳು ಮನೆಯಲ್ಲೇ ಇದ್ದಳು. ನಾನು ಖಾಲಿ ಬುತ್ತಿ ಎತ್ತಿಕೊಂಡು ಬಂದೆ. ಆಮೇಲೆ ಅಪ್ಪ ಮನೆಯಲ್ಲಿ ನನ್ನನ್ನು ಜೋರಾಗಿ ಕೂಗುವುದನ್ನೇ ಬಿಟ್ಟ. ಏನಾದರೂ ಬೇಕಾದರೆ ಎದ್ದು ಹತ್ತಿರ ಬಂದು ಹೇಳುತ್ತಿದ್ದ. ಮೊದಲು ಅದು ನನ್ನ ಗಮನಕ್ಕೆ ಬರಲಿಲ್ಲ, ಗಮನಕ್ಕೆ ಬಂದ ಮೇಲೆ ತಡೆಯಲಾಗಲಿಲ್ಲ.

ಅಷ್ಟರಲ್ಲಿ ನಾನು ಕೊಟ್ಟ ಅರ್ಜಿಗೆ ಜೀವ ಬಂತು. ಮರುವಿಚಾರಣೆ ಇದೆ, ಅರ್ಜಿದಾರರು ಖುದ್ದಾಗಿ ಬರಬೇಕು ಎಂದು ಊರಿನವರ ಕೈಯಲ್ಲಿ ಕಾಗದ ಬಂತು. ನಾನು ವಾರಗಟ್ಟಲೆ ಅಪ್ಪನಿಗೆ ಪಾಠ ಹೇಳಿದೆ. ವರ್ಷಪೂರ್ತಿ ಇದ್ದೆವು ಅನ್ನು, ಇನ್ನೇನೂ ಹೇಳಬೇಡ, ಅದೊಂದು ಮಾತು ಸಾಕು. ಈ ಸಲವೂ ಬಾಯಿ ಬಿಟ್ಟರೆ ಆ ಊರಿನ ಋಣ ಹರಿದಂತೆ ಅಂದೆ. ಅಪ್ಪ ಎಲ್ಲದಕ್ಕೂ ತಲೆ ಆಡಿಸಿದ. ತಲೆ ಆಡಿಸುವವರನ್ನು ನಂಬಬಾರದು ಎಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಹೋಗುವಾಗಲೂ ಇನ್ನೊಮ್ಮೆ ಹೇಳಿದೆ.

ಹೊಸದುರ್ಗದ ಕಚೇರಿಯಲ್ಲಿ ಬೇರೆ ಸಾಹೇಬರು ಇದ್ದರು. ನಮ್ಮನ್ನು ಕುರ್ಚಿಯಲ್ಲಿ ಕೂರಿಸಿದರು. ಹಳೆಯ ಸರ್ವೆಯ ಹಾಳೆಯನ್ನು ಓದಿ, ಆಗ ಬೀಗ ಹಾಕುತ್ತಿದ್ದೆವು ಎಂದು ನೀವೇ ಹೇಳಿದ್ದೀರಲ್ಲ ಎಂದು ಕೇಳಿದರು.

ಅಪ್ಪ ನೆಟ್ಟಗೆ ಅವರ ಕಣ್ಣು ನೋಡಿದ. "ಹನ್ನೆರಡು ತಿಂಗಳೂ ಮನೇಲೇ ಇದ್ವಿ ಸ್ವಾಮಿ. ಮಂದೆ ಜೊತೆ ಆಳು ಕಳಿಸ್ತಿದ್ವಿ. ಸಂಜೆ ದೀಪ ಹಚ್ಚದೇ ಇರೋ ದಿನ ಇಲ್ಲ," ಅಂದ.

ಆಳು ಎನ್ನುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ದೀಪವನ್ನೂ ಹೇಳಿಕೊಟ್ಟಿರಲಿಲ್ಲ. ಸಾಹೇಬರು ನಿಜವೇ ಎಂದು ಮತ್ತೆ ಕೇಳಿದರು. ಅಪ್ಪ ಅದನ್ನೇ, ಇನ್ನೂ ಮೆತ್ತಗೆ, ಮರಿಯನ್ನು ಸವರುವ ದನಿಯಲ್ಲಿ ಹೇಳಿದ. ಹೆಸರು ಸೇರಿಸಲು ಶಿಫಾರಸು ಮಾಡುತ್ತೇನೆ ಎಂದು ಅವರು ಬರೆದು ಸಹಿ ಹಾಕಿದರು. ನಾನು ಕಾಯುತ್ತಿದ್ದದ್ದು ಅದಕ್ಕೇ, ಅಪ್ಪನನ್ನು ಬೈದದ್ದು ಅದಕ್ಕೇ. ಅದು ಸಿಕ್ಕ ಹೊತ್ತಿನಲ್ಲಿ ಮಾತ್ರ ಒಳಗೆ ಏನೋ ಕುಸಿದ ಹಾಗಾಯಿತು.

ಆಚೆ ಬಂದು ಎರಡು ಟೀ ಹೇಳಿದೆ. ಏನಾದರೂ ಮಾತಾಡಬೇಕಲ್ಲ ಎಂದು, ಚೆನ್ನಾಗಿ ಹೇಳ್ದೆ ಕಣಪ್ಪಾ, ನಾನು ಹೆದರಿಕೊಂಡಿದ್ದೆ ಅಂದೆ.

ಅಪ್ಪ ಟೀಯನ್ನು ಊದಿ ಊದಿ ಕುಡಿದ. "ದಿನಾ ಬೆಳಗ್ಗೆ ಅವಕ್ಕೆ ಮನಿಗೆ ಹೋಗಾಣ ಬರ್ರಿ ಅಂತೀನಲ್ಲವ್ವಾ," ಅಂದ. "ಅವು ನಿಜವಾ ಅಂತ ಒಂದು ಸಲಾನೂ ಕೇಳಲ್ಲ. ಈ ಸಾಹೇಬ್ರು ಎರಡು ಸಲ ಕೇಳಿದ್ರು, ಅಷ್ಟೇ."

ಲೋಟ ಕೆಳಗಿಟ್ಟು, ಮಧ್ಯಾಹ್ನ ಇನ್ನೊಂದು ಲೋಡು ಬರುತ್ತದೆ, ಹೊತ್ತಾಯಿತು ಎಂದು ದುರ್ಗದ ಬಸ್ಸು ಹತ್ತಿದ.